ಈ ಸೀಸನ್ನಿನ ಡೈವಿಂಗ್ ಡೈರಿ: ಡ್ರೈಸೂಟ್, ಪಂಚಾಂಗ, ವೇಮತ್ ಕೊಲ್ಲಿ

ಕ್ಲಬ್ಬಿನ ಸುದ್ದಿ ಬರೆಯದೆ ಚಳಿಗಾಲ ಪೂರ್ತಿ ಕಳೆದುಹೋಯಿತು. ಸುಮ್ನೆ ಕೂತಿರಲಿಲ್ಲ, ಬರೆಯಲು ಪುರುಸೊತ್ತು ಸಿಗಲಿಲ್ಲ ಅಷ್ಟೆ. ಹೊಸದಾಗಿ ಓದುವವರಿಗೆ ಎರಡು ಮಾತು. ನಾನಿರುವುದು ಲೆಸ್ಟರ್ ಕಡೆ. ಇಂಗ್ಲೆಂಡಿನ ನಟ್ಟನಡುವೆ, ಯಾವ ದಿಕ್ಕಿಗೆ ಹೊರಟರೂ ಸಮುದ್ರ ದೂರವೇ. ನಮ್ಮದು ಬ್ರಿಟಿಷ್ ಸಬ್-ಆಕ್ವಾ ಕ್ಲಬ್ಬಿನ, ಅಂದರೆ ಬಿಸ್ಯಾಕ್‌ನ, ಒಂದು ಚಿಕ್ಕ ಬ್ರಾಂಚ್. ಬಿಸ್ಯಾಕ್ ಶುರುವಾದದ್ದು 1953ರಲ್ಲಿ. ಬ್ರಾಂಚ್‌ಗಳನ್ನು ಸದಸ್ಯರೇ ನಡೆಸುತ್ತಾರೆ, ಕಲಿಸುವವರಿಗೆ ಸಂಬಳ ಇಲ್ಲ. ವಾರಕ್ಕೊಂದು ಸಂಜೆ ಈಜುಕೊಳ, ಆಮೇಲೆ ಪಬ್ಬು, ಅಲ್ಲಿ ದೋಣಿ ರಿಪೇರಿಗೆ ದುಡ್ಡು ಎಲ್ಲಿಂದ ತರುವುದು ಎಂಬ ಜಗಳ.

ಈ ವರ್ಷದ ಗುರಿ ಒಂದೇ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ವೇಮತ್ ಕೊಲ್ಲಿಯಲ್ಲಿ ಮುಳುಗಿರುವ ಅರ್ಲ್ ಆಫ್ ಅಬರ್ಗೆವೆನಿ ಎಂಬ ಹಡಗಿನ ಮೇಲೆ ನಮ್ಮ ಹೊಸಬರನ್ನು ಇಳಿಸುವುದು, ಎಲ್ಲರನ್ನೂ ಸರಿಯಾಗಿ ವಾಪಸ್ ತರುವುದು. ಆಳ ಜಾಸ್ತಿ ಇಲ್ಲ, 16 ಮೀಟರ್ ಆಸುಪಾಸು. ಓಷನ್ ಡೈವರ್ ಎಂಬ ಬಿಸ್ಯಾಕ್‌ನ ಮೊದಲ ಹಂತದ ಕೋರ್ಸ್ ಪಾಸಾದವರು 20 ಮೀಟರ್ ತನಕ ಇಳಿಯಬಹುದು, ಹಾಗಾಗಿ ಅಡ್ಡಿಯಿಲ್ಲ. ಆದರೆ ಅಲ್ಲಿಗೆ ಹೋಗುವ ಮೊದಲು ಆಗಬೇಕಾದ ಕೆಲಸದ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ.

ಮಾರ್ಚ್, ಏಪ್ರಿಲ್: ಸ್ಟೋನಿ ಕೋವ್

ಸ್ಟೋನಿ ಕೋವ್ ಲೆಸ್ಟರ್ ಹತ್ತಿರದ ಒಂದು ಹಳೇ ಗ್ರಾನೈಟ್ ಕ್ವಾರಿ. ಕಲ್ಲು ತೆಗೆಯುವುದು ನಿಂತ ಮೇಲೆ ಒರತೆಯ ನೀರು ತುಂಬಿಕೊಂಡಿತು, ಈಗ ಮಧ್ಯ ಇಂಗ್ಲೆಂಡಿನ ಡೈವರ್‌ಗಳಿಗೆಲ್ಲ ಅದೇ ಪಾಠಶಾಲೆ. ತಳ ಹಂತಹಂತವಾಗಿ ಇಳಿಯುತ್ತದೆ. ಮೊದಲ ಹಂತ ಸುಮಾರು 6 ಮೀಟರ್, ಆಮೇಲೆ 20ರ ಸುತ್ತಮುತ್ತ, ಕೊನೆಗೆ 35 ಮೀಟರ್. ನಡುವಿನ ಹಂತದಲ್ಲಿ ಸ್ಟೇನ್‌ಗಾರ್ತ್ ಎಂಬ ಹಳೇ ಟಗ್ ದೋಣಿ ಇದೆ, 2000ರಲ್ಲಿ ಬೇಕೆಂದೇ ಮುಳುಗಿಸಿದ್ದು. ನಮ್ಮ ಹೊಸಬರು ಅದನ್ನು ನೋಡಿದ್ದಕ್ಕಿಂತ ಗಾಳಿ ಎಷ್ಟು ಉಳಿದಿದೆ ಎಂದು ತಮ್ಮ ಗೇಜನ್ನು ನೋಡಿದ್ದೇ ಜಾಸ್ತಿ. ನನಗೆ ಅದರಿಂದ ಖುಷಿಯೇ ಆಯಿತು.

ನೇತ್ರಾಣಿಯಲ್ಲಿ ಇಳಿದು ಬಂದ ಗೆಳೆಯರು ನನ್ನ ಫೋಟೋ ನೋಡಿ, "ಏನ್ರೀ ಇದು, ಚಂದ್ರನ ಮೇಲೆ ಹೊರಟಿದ್ದೀರಾ?" ಅಂತ ಕೇಳುತ್ತಾರೆ. ಮುರುಡೇಶ್ವರದಿಂದ ದೋಣಿ ಹತ್ತಿ, ತೆಳು ಸೂಟು ಹಾಕಿಕೊಂಡು, ಬೆಚ್ಚಗಿನ ನೀರಿಗೆ ಇಳಿದವರಿಗೆ ಹಾಗೆ ಅನ್ನಿಸುವುದು ಸಹಜ. ಇಲ್ಲಿ ಮಾರ್ಚ್‌ನಲ್ಲಿ ಕ್ವಾರಿಯ ನೀರು 10 ಡಿಗ್ರಿಗಿಂತ ಎಷ್ಟೋ ಕೆಳಗಿರುತ್ತದೆ. ಸಮುದ್ರವೂ ಆಗ ಹೆಚ್ಚೇನೂ ಬೆಚ್ಚಗಿರುವುದಿಲ್ಲ. ದಕ್ಷಿಣ ಕರಾವಳಿಯಲ್ಲಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ 17, 18 ಡಿಗ್ರಿ ಮುಟ್ಟಿದರೆ ನಮಗೆ ಹಬ್ಬ.

ಅದಕ್ಕೇ ಡ್ರೈಸೂಟ್. ಕುತ್ತಿಗೆ, ಮಣಿಕಟ್ಟಿನ ಹತ್ತಿರ ಬಿಗಿಯಾದ ಸೀಲ್, ಒಳಗೆ ದಪ್ಪ ಬಟ್ಟೆ, ಮೈ ಒದ್ದೆ ಆಗುವುದಿಲ್ಲ. ಕೇಳಲು ಸುಖ. ಆದರೆ ಒಳಗೆ ಗಾಳಿ ಇರುತ್ತದಲ್ಲ, ತೊಂದರೆಯೂ ಅದರದ್ದೇ. ಕೆಳಗೆ ಇಳಿದಂತೆ ಒತ್ತಡಕ್ಕೆ ಸೂಟು ಮೈಯನ್ನು ಹಿಂಡುತ್ತದೆ, ಎದೆಯ ಮೇಲಿನ ಗುಂಡಿ ಒತ್ತಿ ಸೂಟಿನೊಳಕ್ಕೆ ಗಾಳಿ ಬಿಡಬೇಕು. ಮೇಲೆ ಬರುವಾಗ ಅದೇ ಗಾಳಿ ಹಿಗ್ಗುತ್ತದೆ, ಎಡತೋಳಿನ ವಾಲ್ವ್‌ನಿಂದ ಹೊರಗೆ ಹೋಗಬೇಕು. ತೋಳು ಎತ್ತದೆ ತಲೆ ಕೆಳಗೆ ಮಾಡಿದಿರೋ, ಗಾಳಿಯೆಲ್ಲ ಪಾದಕ್ಕೆ ಓಡಿ, ಕಾಲು ಮೇಲಾಗಿ, ತಡೆಯಿಲ್ಲದೆ ಮೇಲಕ್ಕೆ ಹೊರಟುಬಿಡುತ್ತೀರಿ. ಇಂಥ ವೇಗದ ಏರಿಕೆಯೇ ಡಿಕಂಪ್ರೆಷನ್ ಕಾಯಿಲೆಗೆ, ಅಂದರೆ ರಕ್ತದಲ್ಲಿ ಅನಿಲದ ಗುಳ್ಳೆ ಏಳುವುದಕ್ಕೆ, ದಾರಿ. ಹಾಗಾಗಿ 6 ಮೀಟರಿನ ಹಂತದಲ್ಲೇ, ಕಾಲು ಮೇಲಾದಾಗ ಮಂಡಿ ಮಡಚಿ ಉರುಳಿ ನೇರವಾಗುವುದನ್ನು ಎಲ್ಲರ ಕೈಲೂ ಮಾಡಿಸಿದೆವು. ಬೇಜಾರು ಬರುವಷ್ಟು ಮಾಡಿಸಿದೆವು.

ತಣ್ಣೀರಿನ ಇನ್ನೊಂದು ತಕರಾರು ಫ್ರೀಫ್ಲೋ. ಸಿಲಿಂಡರಿನಲ್ಲಿ 200 ಬಾರ್ (ಒತ್ತಡದ ಅಳತೆ) ದಾಟಿರುವ ಗಾಳಿ, ನಾವು ಉಸಿರಾಡುವ ರೆಗ್ಯುಲೇಟರಿನ ಫಸ್ಟ್ ಸ್ಟೇಜ್‌ನಲ್ಲಿ, ಅಂದರೆ ಸಿಲಿಂಡರಿಗೆ ಸಿಕ್ಕಿಸುವ ಮೊದಲ ಭಾಗದಲ್ಲಿ, ಹತ್ತು ಬಾರ್ ಆಸುಪಾಸಿಗೆ ಇಳಿಯುತ್ತದೆ. ಹಾಗೆ ಹಿಗ್ಗುವಾಗ ವಿಪರೀತ ತಣ್ಣಗಾಗುತ್ತದೆ. ಸುತ್ತಲ ನೀರೂ ತಣ್ಣಗಿದ್ದರೆ ಅಲ್ಲಿ ಮಂಜುಗಡ್ಡೆ ಕಟ್ಟಿ, ವಾಲ್ವ್ ತೆರೆದ ಹಾಗೇ ಸಿಕ್ಕಿಹಾಕಿಕೊಂಡು ಗಾಳಿ ಭರ್ರನೆ ಸುರಿಯತೊಡಗುತ್ತದೆ. ಸಿಲಿಂಡರ್ ಖಾಲಿಯಾಗಲು ಕೆಲವೇ ನಿಮಿಷ ಸಾಕು. ಆಗ ಜೊತೆಗಾರನ ಎರಡನೇ ರೆಗ್ಯುಲೇಟರ್ ತೆಗೆದುಕೊಂಡು, ಅವನ ಪಟ್ಟಿ ಹಿಡಿದು, ಇಬ್ಬರೂ ಒಟ್ಟಿಗೆ ಮೇಲೆ ಬರಬೇಕು. ನೀರಿನ ಮೇಲಿರುವಾಗ ಸುಮ್ಮಸುಮ್ಮನೆ ಪರ್ಜ್ ಗುಂಡಿ (ರೆಗ್ಯುಲೇಟರಿನಿಂದ ಗಾಳಿ ನುಗ್ಗಿಸುವ ಗುಂಡಿ) ಒತ್ತುವುದು, ಸೂಟಿಗೆ ಗಾಳಿ ತುಂಬುತ್ತಲೇ ಜೋರಾಗಿ ಉಸಿರೆಳೆಯುವುದು, ಇವೆರಡನ್ನೂ ಬಿಟ್ಟರೆ ಅರ್ಧ ಫ್ರೀಫ್ಲೋ ಆಗುವುದೇ ಇಲ್ಲ.

ಡೈವ್ ಆದ ಮೇಲೆ ಕಾರ್ ಪಾರ್ಕಿನಲ್ಲಿ ಫ್ಲಾಸ್ಕಿನ ಮೆಣಸಿನ ಸಾರು. ಮೊದಲು ಮೂಗು ಮುರಿದವರೆಲ್ಲ ಈಗ ಕಪ್ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಇಷ್ಟು ಮಾತ್ರ ಹೆಮ್ಮೆ ಪಡುತ್ತೇನೆ.

ದೋಣಿ

ಕ್ಲಬ್ಬಿನ ರಿಬ್ ದೋಣಿಗೆ (ಅಂಚಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಇರುವ ದೋಣಿ) ಹೊಸ ಪ್ರೊಪೆಲ್ಲರ್ ಬಂತು. ಟ್ರೇಲರಿನ ಬೇರಿಂಗ್ ಇನ್ನೂ ಕಿರುಗುಟ್ಟುತ್ತಿದೆ. ಸಿಲಿಂಡರ್‌ಗಳಲ್ಲಿ ಕೆಲವು ಟೆಸ್ಟಿಗೆ ಹೋಗಿವೆ. ಇಲ್ಲಿ ಎರಡೂವರೆ ವರ್ಷಕ್ಕೊಮ್ಮೆ ಒಳಗೆ ಕಣ್ಣಿಟ್ಟು ನೋಡಬೇಕು, ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಆಗಬೇಕು. ಮುದ್ರೆಯ ತಾರೀಕು ಮೀರಿದ್ದರೆ ಯಾವ ಡೈವ್ ಅಂಗಡಿಯೂ ಗಾಳಿ ತುಂಬುವುದಿಲ್ಲ. ದೋಣಿ ವಿಷಯ ಇಷ್ಟು ಸಾಕು, ಬರೆದರೆ ಬಿಪಿ ಏರುತ್ತದೆ.

ಮೇ: ಸೇಫ್ಟಿ ಸಂಜೆ

ಬಿಪಿ ಅಂದೆನಲ್ಲ, ಈ ಭಾಗವನ್ನು ನಮ್ಮವರು ದಯವಿಟ್ಟು ಹಾರಿಸಬೇಡಿ. ಬಿಸ್ಯಾಕ್ ಪ್ರತಿವರ್ಷ ಬ್ರಿಟನ್ನಿನ ಡೈವಿಂಗ್ ಅವಘಡಗಳ ವರದಿ ತರುತ್ತದೆ. ಹೆಸರು ಇರುವುದಿಲ್ಲ, ಏನಾಯಿತು ಎಂಬುದಷ್ಟೇ. ನಮ್ಮ ಡೈವಿಂಗ್ ಆಫೀಸರ್, ಅಂದರೆ ಬ್ರಾಂಚಿನ ಡೈವಿಂಗಿಗೆಲ್ಲ ಹೊಣೆ ಹೊತ್ತವರು, ನಿವೃತ್ತ ನರ್ಸ್, ಅವರು ವರ್ಷಕ್ಕೊಂದು ಸಂಜೆ ಅದನ್ನು ಎಲ್ಲರಿಗೂ ಓದಿಸುತ್ತಾರೆ. ಓದುತ್ತಾ ಹೋದರೆ ಗೊತ್ತಾಗುತ್ತದೆ: ಶಾರ್ಕು, ಬಿರುಗಾಳಿ ಅಂಥದ್ದೇನೂ ಇಲ್ಲ. ಗಾಳಿ ಲೆಕ್ಕ ಹಾಕದೆ ಇಳಿದದ್ದು, ಜೊತೆಗಾರ ತಪ್ಪಿಹೋದದ್ದು, ತೂಕ ಸರಿಯಿಲ್ಲದ್ದು, ಮೈ ಹುಷಾರಿಲ್ಲದಿದ್ದರೂ ದುಡ್ಡು ಕೊಟ್ಟಾಗಿದೆ ಅಂತ ಇಳಿದದ್ದು. ಬಹುಪಾಲು ದಡದಲ್ಲೇ ಶುರುವಾದವು.

ಈ ಸಲ ಹೆಚ್ಚು ಮಾತಾಡಿದ್ದು ಇಮರ್ಶನ್ ಪಲ್ಮನರಿ ಇಡೀಮಾ ಬಗ್ಗೆ. ಶ್ವಾಸಕೋಶದಲ್ಲಿ ನೀರು ತುಂಬುವುದು, ಆದರೆ ಹೊರಗಿನ ನೀರಲ್ಲ, ನಮ್ಮದೇ ರಕ್ತದಿಂದ ಸೋರಿದ್ದು. ನೀರಿನಲ್ಲಿ ಮುಳುಗಿದಾಗ ಒತ್ತಡಕ್ಕೆ ಕೈಕಾಲಿನ ರಕ್ತ ಎದೆಯ ಕಡೆ ಬರುತ್ತದೆ. ಚಳಿಗೆ ರಕ್ತನಾಳಗಳು ಬಿಗಿಯುತ್ತವೆ. ಮೊದಲೇ ಬಿಪಿ ಇದ್ದವರಲ್ಲಿ, ವಯಸ್ಸಾದವರಲ್ಲಿ, ಪ್ರವಾಹದ ಎದುರು ಏದುಸಿರು ಬಿಡುತ್ತಾ ಈಜಿದವರಲ್ಲಿ ಅಪಾಯ ಜಾಸ್ತಿ. ಲಕ್ಷಣ ಏನೆಂದರೆ ಕೆಮ್ಮು, ಸುಮ್ಮನಿದ್ದರೂ ಉಸಿರು ಸಾಲದು ಅನ್ನಿಸುವುದು, ಕೆಲವೊಮ್ಮೆ ನಸುಗೆಂಪು ನೊರೆ. ನೋಡುವವರಿಗೆ ಇದು ಗಾಬರಿ ಅನ್ನಿಸಬಹುದು, ಗಾಳಿ ಮುಗಿದಿದೆ ಅನ್ನಿಸಬಹುದು. ಗೇಜಿನಲ್ಲಿ ಗಾಳಿ ಇದ್ದೂ ಒಬ್ಬರು "ಉಸಿರಾಡಲು ಆಗುತ್ತಿಲ್ಲ" ಎಂದು ಸನ್ನೆ ಮಾಡಿದರೆ ವಾದ ಬೇಡ, ಡೈವ್ ಅಲ್ಲಿಗೆ ಮುಗಿಯಿತು. ನೀರಿನಿಂದ ಹೊರಗೆ ತನ್ನಿ, ಕೂರಿಸಿ, ಮಲಗಿಸಬೇಡಿ, ಆಕ್ಸಿಜನ್ ಕೊಡಿ, ಸಹಾಯಕ್ಕೆ ಕರೆ ಮಾಡಿ.

ಇಲ್ಲಿ ಡೈವಿಂಗಿಗೆ ಆರೋಗ್ಯದ ಫಾರ್ಮನ್ನು ನಾವೇ ತುಂಬುತ್ತೇವೆ. ಒಂದು ಪ್ರಶ್ನೆಗೆ ಹೌದು ಅಂದರೂ ಡೈವಿಂಗ್ ಮೆಡಿಕಲ್ ರೆಫರಿ ಆಗಿರುವ ಡಾಕ್ಟರ ಒಪ್ಪಿಗೆ ಬೇಕು. ನಮ್ಮ ಕಡೆಯವರಲ್ಲಿ ನಲವತ್ತು ದಾಟಿದರೆ ಬಿಪಿ, ಸಕ್ಕರೆ ಎರಡೂ ಮಾಮೂಲು ಅಲ್ವಾ? "ಮಾತ್ರೆ ತಗೊಳ್ತೀನಿ, ಕಂಟ್ರೋಲ್‌ನಲ್ಲಿದೆ" ಅಂದುಕೊಂಡು "ಇಲ್ಲ" ಎಂದು ಟಿಕ್ ಹಾಕಬೇಡಿ. ರೆಫರಿ ಹತ್ತಿರ ಹೋದರೆ ಎಷ್ಟೋ ಜನಕ್ಕೆ ಅನುಮತಿ ಸಿಗುತ್ತದೆ. ಅಡಗಿಸಿದರೆ ಜೊತೆಗಾರನೂ ಸಿಕ್ಕಿಬೀಳುತ್ತಾನೆ.

ಅದೇ ಸಂಜೆ ರೇಡಿಯೋ ಅಭ್ಯಾಸ. ಸೆಟ್ ಆಫ್ ಮಾಡಿಯೇ ಮಾಡಿದ್ದು, ತುರ್ತು ಕರೆಯ ಚಾನೆಲ್ 16 ಆಟಕ್ಕಲ್ಲ. ಮೂರು ಸಲ ಮೇಡೇ, ದೋಣಿಯ ಹೆಸರು, ಎಲ್ಲಿದ್ದೇವೆ, ಏನಾಗಿದೆ, ಎಷ್ಟು ಜನ. ದಡದಲ್ಲಿದ್ದರೆ 999ಕ್ಕೆ ಫೋನ್ ಮಾಡಿ, ಸಮುದ್ರದ ವಿಷಯವಾದರೆ ಕೋಸ್ಟ್‌ಗಾರ್ಡ್ ಬೇಕೆಂದು ಕೇಳಬೇಕು. ಹೆಲಿಕಾಪ್ಟರ್, ಲೈಫ್‌ಬೋಟ್ ಎಲ್ಲ ಹೊಂದಿಸುವವರು ಅವರೇ. ಡಿಕಂಪ್ರೆಷನ್ ಅನುಮಾನ ಬಂದರೆ ನಿಮಿಷಕ್ಕೆ 15 ಲೀಟರಿನಂತೆ ಆಕ್ಸಿಜನ್ ಕೊಡಬೇಕು. ರೋಗಿಯ ಡೈವ್ ಕಂಪ್ಯೂಟರ್ ಅವರ ಜೊತೆಗೇ ಹೋಗಬೇಕು. ಯಾವ ಚೇಂಬರ್ (ಒತ್ತಡ ಏರಿಸಿ ಚಿಕಿತ್ಸೆ ಕೊಡುವ ಕೋಣೆ) ಎಂಬುದನ್ನು ಡಾಕ್ಟರು ತೀರ್ಮಾನಿಸುತ್ತಾರೆ, ನಾವೇ ಕಾರಿನಲ್ಲಿ ಕೂರಿಸಿಕೊಂಡು ಪ್ಲಿಮತ್ ಕಡೆ ಓಡುವುದಲ್ಲ.

ಜೂನ್: ಹಡಗು, ಲೆಕ್ಕ, ತಿಥಿ

ಈಗ ಅಬರ್ಗೆವೆನಿ. ಈಸ್ಟ್ ಇಂಡಿಯಾ ಕಂಪನಿಗೆ ಓಡುತ್ತಿದ್ದ ಹಡಗು. ಬಂಗಾಳಕ್ಕೂ ಚೀನಾಕ್ಕೂ ಹೊರಟಿತ್ತು. 1805ರ ಫೆಬ್ರವರಿ 5ರಂದು ವೇಮತ್ ಪಕ್ಕದ ಪೋರ್ಟ್‌ಲ್ಯಾಂಡ್ ದ್ವೀಪದಾಚೆ ಶ್ಯಾಂಬಲ್ಸ್ ಎಂಬ ಮರಳುದಿಬ್ಬಕ್ಕೆ ಬಡಿಯಿತು. ಹೇಗೋ ಬಿಡಿಸಿಕೊಂಡು ವೇಮತ್ ದಡ ಸೇರಿಸಲು ನೋಡಿದರು, ಆಗಲಿಲ್ಲ, ನೀರು ತುಂಬಿ ಮುಳುಗಿತು. ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಕ್ಯಾಪ್ಟನ್ ಜಾನ್ ವರ್ಡ್ಸ್‌ವರ್ತ್ ಕೂಡ ಸತ್ತ, ಕವಿ ವರ್ಡ್ಸ್‌ವರ್ತ್‌ನ ತಮ್ಮ. ಒಳಗಿದ್ದ ಬೆಳ್ಳಿ ನಾಣ್ಯದ ಪೆಟ್ಟಿಗೆಗಳನ್ನು ಜಾನ್ ಬ್ರೈತ್‌ವೇಟ್ ಎಂಬಾತ ಆಗಲೇ ಮುಳುಗುವ ಯಂತ್ರ ಇಳಿಸಿ ಎತ್ತಿದ. ಶ್ರೀರಂಗಪಟ್ಟಣ ಬಿದ್ದು ಆಗ ಆರು ವರ್ಷವೂ ತುಂಬಿರಲಿಲ್ಲ, ಅದೇ ಕಂಪನಿ. ನನಗೆ ಈ ಹಡಗಿನ ಮೇಲೆ ಹುಚ್ಚು ಹಿಡಿದಿದ್ದೇ ಅದಕ್ಕೆ. ಈಗ ಉಳಿದಿರುವುದು ಮರಳಲ್ಲಿ ಅರ್ಧ ಹೂತ ಮರ ಮಾತ್ರ. ಏನನ್ನೂ ಮುಟ್ಟುವುದಿಲ್ಲ ಎಂದು ಎಲ್ಲರಿಗೂ ಹೇಳಿದೆ. ಈ ದೇಶದಲ್ಲಿ ಮುಳುಗಿದ ಹಡಗಿನಿಂದ ಏನೇ ಮೇಲೆ ತಂದರೂ 28 ದಿನದೊಳಗೆ ರಿಸೀವರ್ ಆಫ್ ರೆಕ್ ಎಂಬ ಅಧಿಕಾರಿಗೆ ತಿಳಿಸಲೇಬೇಕು.

ಗಾಳಿಯ ಲೆಕ್ಕ ಹೀಗೆ. 12 ಲೀಟರ್ ಸಿಲಿಂಡರ್, 220 ಬಾರ್, ಒಟ್ಟು 2640 ಲೀಟರ್. ಮೂರನೇ ಒಂದು ಪಾಲು ಮುಟ್ಟುವ ಹಾಗಿಲ್ಲ, ಉಳಿದದ್ದು 1760. 16 ಮೀಟರಿನಲ್ಲಿ ಒತ್ತಡ 2.6 ಬಾರ್. ನೀರಿನ ಮೇಲೆ ನಿಮಿಷಕ್ಕೆ 25 ಲೀಟರ್ ಎಳೆಯುವವರು ಅಲ್ಲಿ 65 ಲೀಟರ್ ಎಳೆಯುತ್ತಾರೆ, ಅಂದರೆ 27 ನಿಮಿಷ. ಚಳಿಗೆ, ಭಯಕ್ಕೆ ಅದೇ ಮನುಷ್ಯ ಮೇಲಿನ ಲೆಕ್ಕದಲ್ಲಿ 25ರ ಬದಲು 40 ಲೀಟರ್ ಎಳೆದರೆ 17 ನಿಮಿಷಕ್ಕೇ ಮುಗಿಯುತ್ತದೆ. ಹೊಸಬರ ಮುಖ ಈ ಎರಡನೇ ಸಂಖ್ಯೆ ನೋಡಿ ಬದಲಾಯಿತು. ಒಳ್ಳೆಯದೇ.

ಇನ್ನು ಉಬ್ಬರ ಇಳಿತ. ಬ್ರಿಟನ್ನಿನ ಡೈವಿಂಗ್ ಅಂದರೆ ಅರ್ಧ ಅದೇ. ಬ್ರಿಸ್ಟಲ್ ಚಾನೆಲ್‌ನಲ್ಲಿ ನೀರು ಹದಿನಾಲ್ಕು ಮೀಟರಿನಷ್ಟು ಏರಿಳಿಯುವುದುಂಟು. ವೇಮತ್‌ನಲ್ಲಿ ಅಷ್ಟಿಲ್ಲ, ದೊಡ್ಡ ಉಬ್ಬರದಲ್ಲೂ ಎರಡು ಮೀಟರ್ ಸುಮಾರು. ಜೊತೆಗೆ ಅಲ್ಲಿ ಇಳಿತ ಎರಡೆರಡು ಸಲ ಬರುವ ವಿಚಿತ್ರವೂ ಇದೆ, ಅದಕ್ಕೆ ಅಲ್ಲಿಯವರು ಗಲ್ಡರ್ ಅನ್ನುತ್ತಾರೆ. ಹುಣ್ಣಿಮೆ, ಅಮಾವಾಸ್ಯೆ ಆಗಿ ಒಂದೆರಡು ದಿನಕ್ಕೆ ಸ್ಪ್ರಿಂಗ್ ಟೈಡ್, ನೀರಿನ ಎಳೆತ ಜೋರು. ಅಷ್ಟಮಿ ಕಳೆದು ದಶಮಿ ಸುಮಾರಿಗೆ ನೀಪ್, ಎಳೆತ ಕಡಿಮೆ. ನಾನು ವಾರಾಂತ್ಯ ಆರಿಸುವುದು ಅಡುಗೆಮನೆ ಗೋಡೆಯ ಕನ್ನಡ ಕ್ಯಾಲೆಂಡರ್ ನೋಡಿ. ಕ್ಲಬ್ಬಿನವರಿಗೆ ಮೊದಲು ನಗು ಬಂತು. ಆಮೇಲೆ ಟೈಡ್ ಟೇಬಲ್ ಜೊತೆ ತಾಳೆ ಹಾಕಿ ನೋಡಿ ಸುಮ್ಮನಾದರು. ದಿನಕ್ಕೆ ತಿಥಿ ಸಾಕು, ಗಂಟೆಗೆ ಮಾತ್ರ ಟೇಬಲ್ಲೇ ಬೇಕು. ಅದೂ ಕೆಲವು ಟೇಬಲ್‌ಗಳು ಗ್ರೀನಿಚ್ ಸಮಯದಲ್ಲಿರುತ್ತವೆ, ಬೇಸಿಗೆಯಲ್ಲಿ ಒಂದು ಗಂಟೆ ಕೂಡಿಸಿಕೊಳ್ಳಬೇಕು.

ನಾವು ವೇಮತ್‌ಗೆ ಹೋದ ವಾರಾಂತ್ಯ ತಿಥಿ ಸರಿಯಿತ್ತು, ಗಾಳಿ ಸರಿಯಿರಲಿಲ್ಲ. ಶುಕ್ರವಾರವೇ ಪೂರ್ವದ ಗಾಳಿ ಎದ್ದಿತ್ತು. ಪಶ್ಚಿಮದ ಗಾಳಿಯಾದರೆ ಪೋರ್ಟ್‌ಲ್ಯಾಂಡ್ ಅಡ್ಡ ನಿಂತು ಕೊಲ್ಲಿಯನ್ನು ಕಾಯುತ್ತದೆ, ಪೂರ್ವದ್ದಾದರೆ ನೇರ ಒಳಗೇ ಬೀಸುತ್ತದೆ. ಡೈವಿಂಗ್ ಆಫೀಸರ್ ದೋಣಿ ಇಳಿಸುವುದು ಬೇಡ ಅಂದರು. ಗೊಣಗಾಟ ಆಯಿತು, ಅಷ್ಟು ದೂರ ಟ್ರೇಲರ್ ಎಳೆದಿದ್ದೇವೆ ಎಂಬ ಮಾತೂ ಬಂತು. ಅವರು ಜಗ್ಗಲಿಲ್ಲ. ಸರಿ, ಪೋರ್ಟ್‌ಲ್ಯಾಂಡಿನ ಆಚೆ ಬದಿಗೆ ಹೋದೆವು. ಅಲ್ಲಿ ಚೆಸಿಲ್ ಕೋವ್, ನೈಋತ್ಯದ ಗಾಳಿ ಇದ್ದರೆ ಹತ್ತಿರ ಸುಳಿಯಲಾಗದ ಜಾಗ, ಅವತ್ತು ತಣ್ಣಗೆ ಮಲಗಿತ್ತು. ಅಲ್ಲಿ ಇಳಿಯುವುದು ಸುಲಭ, ಹತ್ತುವುದೇ ಕಷ್ಟ. ಉರುಟು ಕಲ್ಲಿನ ಕಡಿದಾದ ದಡ, ಹೆಜ್ಜೆ ಇಟ್ಟಲ್ಲೆಲ್ಲ ಜಾರುತ್ತದೆ, ಬೆನ್ನ ಮೇಲೆ ಅಷ್ಟು ಭಾರ. ನೀರು ಮಾತ್ರ ಹೆಸರುಕಾಳಿನ ಕಟ್ಟಿನ ಬಣ್ಣ, ಮೇ ತಿಂಗಳ ಪ್ಲಾಂಕ್ಟನ್ (ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳು) ಇನ್ನೂ ಪೂರ್ತಿ ಇಳಿದಿರಲಿಲ್ಲ. ಆದರೂ ಜೇಡ ಏಡಿಗಳು ಸಿಕ್ಕವು, ಬಂಡೆ ಸಂದಿಯಲ್ಲಿ ಟಾಮ್‌ಪಾಟ್ ಬ್ಲೆನಿ ಎಂಬ ಪುಟ್ಟ ಮೀನು ಕುತೂಹಲದಿಂದ ನಮ್ಮನ್ನೇ ನೋಡಿತು, ಒಂದು ಕಟಲ್‌ಫಿಶ್, ನಮ್ಮ ಕರಾವಳಿಯ ಬೊಂಡಾಸದ ಬಂಧು, ಬಣ್ಣ ಬದಲಿಸುತ್ತಾ ಹಿಂದಕ್ಕೆ ಸರಿಯಿತು. ಎಲ್ಲ ಹೊಸಬರೂ ಕೆಳಗಿನಿಂದ ಸಿಗ್ನಲ್ ಬಲೂನ್ ಬಿಟ್ಟು, 6 ಮೀಟರಿನಲ್ಲಿ ಮೂರು ನಿಮಿಷ ನಿಂತು, ನಿಧಾನವಾಗಿ ಬಂದರು. ಮಧ್ಯಾಹ್ನ ಬೆಟ್ಟದ ಮೇಲಿಂದ ವೇಮತ್ ಕೊಲ್ಲಿ ನೋಡಿದರೆ ಪೂರ್ತಿ ಬಿಳಿನೊರೆ. ಬೆಳಿಗ್ಗೆ ಗೊಣಗಿದವರು ಐಸ್‌ಕ್ರೀಮ್ ಕೊಡಿಸಿದರು.

ಮುಂದೆ

ಜುಲೈ ಕೊನೆಯ ನೀಪ್‌ಗೆ ಮತ್ತೆ ಅಬರ್ಗೆವೆನಿ. ಅಷ್ಟರೊಳಗೆ ಟ್ರೇಲರ್ ಬೇರಿಂಗ್ ಆಗಬೇಕು. ಕೆಳಗೆ ಡೈವರ್‌ಗಳಿದ್ದಾರೆ ಎಂದು ತೋರಿಸುವ ನೀಲಿ-ಬಿಳಿ ಎ ಬಾವುಟ ಹರಿದಿದೆ, ಹೊಸದು ಬೇಕು, ಬೇಸಿಗೆಯಲ್ಲಿ ಕೊಲ್ಲಿ ತುಂಬಾ ಜೆಟ್‌ಸ್ಕಿಗಳು. ಇಬ್ಬರು ರೆಫರಿ ಡಾಕ್ಟರ ಉತ್ತರಕ್ಕೆ ಕಾಯುತ್ತಿದ್ದಾರೆ, ಬರದಿದ್ದರೆ ಅವರು ದೋಣಿಯಲ್ಲೇ ಕೂತು ಬಾವುಟ ಕಾಯುತ್ತಾರೆ. ಲೆಸ್ಟರ್, ಕವೆಂಟ್ರಿ ಕಡೆಯ ಕನ್ನಡಿಗರು ಯಾರಿಗಾದರೂ ಒಂದು ಸಂಜೆ ಕೊಳದಲ್ಲಿ ಟ್ರೈ ಡೈವ್ ಮಾಡಿ ನೋಡುವ ಮನಸ್ಸಿದ್ದರೆ ತಿಳಿಸಿ. ಈಜುಡುಗೆ, ಟವೆಲ್ ತಂದರೆ ಸಾಕು. ಆರೋಗ್ಯದ ಫಾರ್ಮ್ ಮೊದಲೇ ಕಳಿಸುತ್ತೇನೆ.