ಜಿಪ್ಸಿಯನ್ನು ಎತ್ತರಿಸಿದ ಲೆಕ್ಕ: ಬಿಡಿ ಭಾಗಗಳೋ, ಪೂರ್ತಿ ಕಿಟ್ಟೋ

ಮಾರ್ಚ್ ಕೊನೆಯ ವಾರ

ಹೊಳಲ್ಕೆರೆ ಕಡೆಯ ನಮ್ಮ ಅಡಿಕೆ ತೋಟಕ್ಕೆ ಹೋಗುವ ದಾರಿಯಲ್ಲಿ ಒಂದು ಹಳ್ಳ ದಾಟಬೇಕು. ಟ್ರ್ಯಾಕ್ಟರುಗಳು ಓಡಾಡಿ ಗಾಲಿಯ ಜಾಡು ಎರಡೂ ಬದಿ ಆಳವಾಗಿ, ನಡುವಿನ ದಿಣ್ಣೆ ಮಾತ್ರ ಎತ್ತರವಾಗಿ ಉಳಿದಿರುವುದರಿಂದ ನನ್ನ 2008ರ ಮಾರುತಿ ಜಿಪ್ಸಿಯ ಹೊಟ್ಟೆ ಅಲ್ಲಿ ಪ್ರತಿ ಸಲವೂ ಉಜ್ಜುತ್ತದೆ. ಈ ಬೇಸಿಗೆಯಲ್ಲಿ ಗಾಡಿಯನ್ನು ಒಂದೂವರೆ–ಎರಡು ಇಂಚು ಎತ್ತರಿಸಬೇಕೆಂದು ತೀರ್ಮಾನಿಸಿದ್ದೇನೆ.

ಸ್ಪ್ರಿಂಗ್, ಎಂದರೆ ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಎತ್ತರಿಸಿದರೆ ಮೇಲೇಳುವುದು ಚಾಸಿ ಮತ್ತು ಅದಕ್ಕೆ ಕಟ್ಟಿಕೊಂಡ, ಇಂಜಿನಿನ ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸು, ಸೈಲೆನ್ಸರ್ ಮುಂತಾದವು ಮಾತ್ರ. ಜಿಪ್ಸಿಗೆ ಮುಂದೆಯೂ ಹಿಂದೆಯೂ ಇಡಿಯಾದ ಆಕ್ಸಲ್ ಇರುವುದರಿಂದ ಅದರಲ್ಲಿ ಗೇರುಗಳಿರುವ ಉಬ್ಬು, ಡಿಫರೆನ್ಷಿಯಲ್, ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ಮೇಲೆತ್ತುವುದು ದೊಡ್ಡ ಟೈರಿನಿಂದಷ್ಟೇ ಸಾಧ್ಯ. 205/70 ಆರ್ 15 ಬದಲಿಗೆ 215/75 ಆರ್ 15 ಹಾಕಿದರೆ ಟೈರಿನ ವ್ಯಾಸ 668 ಮಿ.ಮೀ. ಇಂದ 703 ಮಿ.ಮೀ. ಆಗಿ, ಡಿಫರೆನ್ಷಿಯಲ್ ಸುಮಾರು 18 ಮಿ.ಮೀ. ಏರುತ್ತದೆ, ಸ್ಪೀಡೋಮೀಟರ್ ಶೇಕಡಾ 5ರಷ್ಟು ಕಡಿಮೆ ತೋರಿಸುತ್ತದೆ. ನನಗೆ ಉಜ್ಜುತ್ತಿರುವುದು ಟ್ರಾನ್ಸ್‌ಫರ್ ಕೇಸಿನ ಕೆಳಗಿನ ತಗಡು. ಆದ್ದರಿಂದ ಟೈರಿನ ಮಾತು ಸದ್ಯಕ್ಕಿಲ್ಲ.

ಕಾನೂನಿನ ವಿಷಯವನ್ನೂ ಬರೆದಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ; 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ ಅಂಥ ಪ್ರತಿಯೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಬೀಳಬಹುದು, ಜೈಲು ಶಿಕ್ಷೆಗೂ ಅವಕಾಶವಿದೆ. ಚಾಸಿ ಕತ್ತರಿಸುವುದು, ಆಕ್ಸಲ್ಲಿನ ಕೆಳಗಿರುವ ಕಮಾನು ಪಟ್ಟಿಗಳನ್ನು ಮೇಲಕ್ಕೆ ಕೂರಿಸುವುದು ಇಂಥವನ್ನು ನಾನು ಯೋಚಿಸದಿರುವುದಕ್ಕೆ ಇದೂ ಒಂದು ಕಾರಣ.

ಏಪ್ರಿಲ್ ಎರಡನೆಯ ವಾರ

ನಾಲ್ಕು ಸ್ಪ್ರಿಂಗ್, ನಾಲ್ಕು ಶಾಕ್ ಅಬ್ಸಾರ್ಬರ್, ಶ್ಯಾಕಲ್ (ಪಟ್ಟಿಯ ಒಂದು ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ), ರಬ್ಬರಿನ ಬುಷ್, ಪಟ್ಟಿಯನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್, ಬಂಪ್ ಸ್ಟಾಪನ್ನು (ಆಕ್ಸಲ್ ಮೇಲೆದ್ದು ಚಾಸಿಗೆ ಬಡಿಯದಂತೆ ತಡೆಯುವ ರಬ್ಬರು) ಕೆಳಗಿಳಿಸುವ ತುಂಡು, ಉದ್ದನೆಯ ಬ್ರೇಕ್ ಹೋಸ್, ಇಷ್ಟೂ ಇರುವ ಪೂರ್ತಿ ಕಿಟ್ಟಿಗೆ ಸಾಗಣೆ ಸೇರಿ 62,000 ರೂಪಾಯಿ ಹೇಳಿದರು. ಅದರ ಅರ್ಧಕ್ಕಿಂತ ಕಡಿಮೆ ಹಣದಲ್ಲಿ ಬಿಡಿಬಿಡಿಯಾಗಿ ಜೋಡಿಸಬಹುದೆಂದು ಲೆಕ್ಕ ಹಾಕಿ ಹೀಗೆ ಕೊಂಡೆ: ಬೇರೊಂದು ಜಿಪ್ಸಿಯಿಂದ ಬಿಚ್ಚಿದ ಎತ್ತರದ ಮುಂದಿನ ಸ್ಪ್ರಿಂಗ್ ಜೋಡಿ 9,500, ಉದ್ದನೆಯ ಶಾಕ್ ನಾಲ್ಕಕ್ಕೆ 12,800, 40 ಮಿ.ಮೀ. ಹೆಚ್ಚು ಉದ್ದದ ಶ್ಯಾಕಲ್ ನಾಲ್ಕು ಜೋಡಿಗೆ 3,600. ಹೊಸ ಯು ಬೋಲ್ಟುಗಳಿಗೆ 1,600. ಒಟ್ಟು 27,500. ಯು ಬೋಲ್ಟು ಒಮ್ಮೆ ಬಿಗಿದ ಮೇಲೆ ಎಳೆದು ಹಿಗ್ಗಿರುತ್ತದೆ, ಹಳೆಯದನ್ನೇ ಮತ್ತೆ ಹಾಕಬಾರದು ಎಂಬುದೊಂದನ್ನು ನಾನು ಆಗಲೇ ತಿಳಿದಿದ್ದೆ. ತಿಳಿಯದೆ ಉಳಿದದ್ದೇ ಹೆಚ್ಚು.

ಎರಡು ಭಾನುವಾರಗಳಲ್ಲಿ ಜೋಡಿಸಿ ಮುಗಿಯಿತು. ಗಾಡಿ ಮುಂದೆ 50 ಮಿ.ಮೀ. ಎದ್ದಿತು: ಪಟ್ಟಿಯಿಂದ 30, ಶ್ಯಾಕಲ್ಲಿನಿಂದ 20. ಆಕ್ಸಲ್ ಪಟ್ಟಿಯ ನಡುಮಧ್ಯದಲ್ಲಿ ಕೂತಿರುವುದರಿಂದ ಶ್ಯಾಕಲ್ ಎಷ್ಟು ಉದ್ದವಾಗುತ್ತದೋ ಅದರ ಅರ್ಧದಷ್ಟು ಮಾತ್ರ ಎತ್ತರ ಸಿಗುತ್ತದೆ. ನೋಡುವುದಕ್ಕೆ ಬಹಳ ಚೆನ್ನಾಗಿತ್ತು. ಪಕ್ಕದ ತೋಟದವರು ಬಂದು ಒಂದು ಸುತ್ತು ಹಾಕಿ, "ಏನ್ ಸಾರ್, ಗಾಡಿಗೆ ಮೆಟ್ಟು ಹಾಕ್ಸಿದ್ದೀರಾ" ಎಂದು ನಕ್ಕರು.

ಮೇ ಮೊದಲ ವಾರ

ಗಾಡಿ ಓಡಿಸಲು ಹೊರಟಾಗ ಮೂರು ದೋಷಗಳು ಕಂಡವು, ಮೂರೂ ಒಂದೊಂದು ಬೇರೆ ಅಂಗಡಿಯಿಂದ ಬಂದಂಥವು.

ಮೊದಲನೆಯದು ಸ್ಟೀರಿಂಗ್. ಗಂಟೆಗೆ 60 ಕಿ.ಮೀ. ದಾಟಿದರೆ ಗಾಡಿ ನೇರ ನಿಲ್ಲದೆ ಅತ್ತಿತ್ತ ಹೊರಳುತ್ತಿತ್ತು. ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಮರಳುತ್ತಿರಲಿಲ್ಲ. ಸೈಕಲ್ಲಿನ ಮುಂದಿನ ಫೋರ್ಕು ಹಿಂದಕ್ಕೆ ಒರಗಿರುವುದು ಅದು ನೇರ ಓಡಲು ನೆರವಾಗುತ್ತದೆ. ಗಾಡಿಯಲ್ಲಿಯೂ ಅದೇ ಒರಗನ್ನು ಕ್ಯಾಸ್ಟರ್ ಎನ್ನುತ್ತಾರೆ. ಜಿಪ್ಸಿಯ ಮುಂದಿನ ಪಟ್ಟಿಗೆ ಶ್ಯಾಕಲ್ ಇರುವುದು ಮುಂಭಾಗದ ತುದಿಯಲ್ಲಿ. ಅದನ್ನು ಉದ್ದ ಮಾಡಿದರೆ ಪಟ್ಟಿಯ ಮುಂದಿನ ಕಣ್ಣು (ತುದಿಯಲ್ಲಿ ಬೋಲ್ಟು ಕೂರುವ ತೂತು) ಕೆಳಗಿಳಿದು, ಇಡೀ ಆಕ್ಸಲ್ ಮುಂದಕ್ಕೆ ಹೊರಳಿ, ಕ್ಯಾಸ್ಟರ್ ಇಳಿಯುತ್ತದೆ. ಸುಮಾರು 900 ಮಿ.ಮೀ. ಉದ್ದದ ಪಟ್ಟಿಗೆ 40 ಮಿ.ಮೀ. ಇಳಿತವೆಂದರೆ ಎರಡೂವರೆ ಡಿಗ್ರಿ. ಬಿಚ್ಚುವ ಮೊದಲು ನಾನು ಅಳೆದಾಗ 3.5 ಇದ್ದದ್ದು ಈಗ 1ಕ್ಕೆ ಬಂದಿತ್ತು. ಪಟ್ಟಿಗೂ ಆಕ್ಸಲ್ಲಿಗೂ ನಡುವೆ ಓರೆಯಾದ ಬೆಣೆ ಇಟ್ಟು ಇದನ್ನು ಸರಿಪಡಿಸಬಹುದು, ಆದರೆ ಒಂದು ತಪ್ಪನ್ನು ಮುಚ್ಚಲು ಇನ್ನೊಂದು ಭಾಗ ಕೊಳ್ಳುವುದು ನನಗೆ ಒಗ್ಗಲಿಲ್ಲ.

ಎರಡನೆಯದು ಶಾಕ್. ಸಣ್ಣ ಗುಂಡಿಗೂ ಟಕ್ಕೆಂದು ಲೋಹದ ಸದ್ದು. ಬಿಚ್ಚಿ ನೋಡಿದರೆ ಹೊಸ ಬುಷ್ ಆಗಲೇ ಒಂದು ಬದಿ ಚಪ್ಪಟೆಯಾಗಿ, ವಾಷರಿನ ಅಂಚು ರಬ್ಬರಿನಲ್ಲಿ ಉಂಗುರದ ಗುರುತು ಕೊರೆದಿತ್ತು. ಕಾರಣ ಹೊಳೆಯಲು ನನಗೆ ಎರಡು ದಿನ ಬೇಕಾಯಿತು. ಗಾಡಿ ಎಷ್ಟೇ ಎತ್ತರವಾದರೂ ಆಕ್ಸಲ್ ಬಂಪ್ ಸ್ಟಾಪಿಗೆ ತಾಗುವ ಜಾಗ ಬದಲಾಗುವುದಿಲ್ಲ. ತಾಗಿದಾಗ ಶಾಕಿನ ಎರಡು ಕಣ್ಣುಗಳ ನಡುವೆ ಉಳಿಯುವ ಅಂತರ ಮೊದಲೂ 285 ಮಿ.ಮೀ., ಈಗಲೂ 285. ನಾನು ತಂದ ಶಾಕ್ ಪೂರ್ತಿ ಮಡಚಿದಾಗ 310. ಎಂದರೆ ರಬ್ಬರು ತಾಗುವುದಕ್ಕೆ 25 ಮಿ.ಮೀ. ಮೊದಲೇ ಶಾಕ್ ತಳ ಕಂಡು ಗಾಡಿಯ ಹೊಡೆತವನ್ನೆಲ್ಲ ತಾನೇ ಹೊರುತ್ತಿತ್ತು. ಉದ್ದನೆಯ ಶಾಕ್ ಕೊಳ್ಳುವವರೆಲ್ಲ ಅದು ಪೂರ್ತಿ ಚಾಚಿದಾಗಿನ ಉದ್ದವನ್ನು ಕೇಳುತ್ತಾರೆ, ನಾನೂ ಅದನ್ನೇ ಕೇಳಿದ್ದೆ; ಕೇಳಬೇಕಾದದ್ದು ಮಡಚಿದ ಉದ್ದವನ್ನು. ಕಿಟ್ಟಿನಲ್ಲಿ ಬಂಪ್ ಸ್ಟಾಪಿಗೆ ಅಷ್ಟೊಂದು ಮಹತ್ವ ಏಕೆ ಕೊಟ್ಟಿದ್ದರೆಂಬುದು ಆಗ ಅರ್ಥವಾಯಿತು. ನಾನೂ ತುಂಡು ಇಡಬಹುದಿತ್ತು, ಆದರೆ 35 ಮಿ.ಮೀ. ತುಂಡು ಇಟ್ಟರೆ ಚಕ್ರ ಮೇಲೇಳಲು ಉಳಿಯುತ್ತಿದ್ದದ್ದು 50 ಮಿ.ಮೀ. ಮಾತ್ರ. ಹಳ್ಳದ ಕಲ್ಲುಗಳಿಗೆ ಅದು ಸಾಲದು.

ಮೂರನೆಯದು ಮುಂದಿನ ಸ್ಪ್ರಿಂಗಿನ ಬಿಗಿ. ಆ ಜೋಡಿಯನ್ನು ಕಬ್ಬಿಣದ ಬಂಪರ್, ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ) ಹೊತ್ತ ಗಾಡಿಗೆಂದು ಮಾಡಿಸಿದ್ದರಂತೆ. ಪಟ್ಟಿಗಳ ದಪ್ಪ 6 ಮಿ.ಮೀ. ಅಲ್ಲ, 7. ಒಂದು ಮಿಲಿಮೀಟರ್ ಏನು ಮಹಾ ಎನ್ನಿಸುತ್ತದೆ. ಆದರೆ ಪಟ್ಟಿಯ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರುವುದರಿಂದ ಅಷ್ಟೇ ಉದ್ದ, ಅಷ್ಟೇ ಅಗಲದ ಪಟ್ಟಿ ಶೇಕಡಾ 59ರಷ್ಟು ಹೆಚ್ಚು ಬಿಗಿಯಾಗುತ್ತದೆ. ಭೀಮಸಮುದ್ರದಲ್ಲಿ ಅಡಿಕೆ ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಮೇಲೆ ಮೊದಲು ಮುಂದಿನ ಚಕ್ರ, ಆಮೇಲೆ ಹಿಂದಿನ ಚಕ್ರ ಹತ್ತಿಸಿ ತೂಗಿಸಿದೆ: ಮುಂದೆ 560 ಕಿಲೋ, ಹಿಂದೆ 480. ಚೀಟಿ ಕೊಟ್ಟ ಹುಡುಗ ಲೋಡು ಎಲ್ಲಿ ಎಂದು ಕೇಳಿದ. ಅಷ್ಟು ಹಗುರ ಗಾಡಿಗೆ ಆ ಪಟ್ಟಿ ಬಗ್ಗುವುದೇ ಇಲ್ಲ.

ಮೇ ಕೊನೆಯ ವಾರ

ಇಲ್ಲಿ ಎರಡನೆಯ ಸಲ ಕಿಟ್ಟಿನ ಕಡೆಗೆ ಮನಸ್ಸು ವಾಲಿತು. ಮಾರುವವರನ್ನು ವಿಚಾರಿಸಿದಾಗ, ಅವರಲ್ಲಿದ್ದದ್ದೂ ಮುಂದೆ 50ರಿಂದ 100 ಕಿಲೋ ಹೆಚ್ಚುವರಿ ಭಾರಕ್ಕೆಂದು ಮಾಡಿದ್ದೇ ಎಂದು ಗೊತ್ತಾಯಿತು. ಬಂಪರ್, ವಿಂಚ್ ಇಲ್ಲದ ನನ್ನ ಗಾಡಿಗೆ ಅದೂ ಬಿಗಿಯೇ. ಆದರೂ ಅದರಲ್ಲಿದ್ದ ಭಾಗಗಳು ಒಂದನ್ನೊಂದು ಅರಿತಿದ್ದವು, ನನ್ನವು ಅರಿತಿರಲಿಲ್ಲ. ಕಿಟ್ಟನ್ನು ಕೊಳ್ಳದೆ, ಅದರಲ್ಲಿ ಏನೇನಿದೆ ಎಂಬ ಚೀಟಿಯನ್ನು ಮಾತ್ರ ಗೋಡೆಗೆ ಅಂಟಿಸಿಕೊಂಡು ಒಂದೊಂದಾಗಿ ಅಳೆಯತೊಡಗಿದೆ.

ಚಿತ್ರದುರ್ಗದ ಹೆದ್ದಾರಿ ಬದಿಯಲ್ಲಿ ಲಾರಿಗಳಿಗೆ ಪಟ್ಟಿ ಕೆಲಸ ಮಾಡುವ ಮೇಸ್ತ್ರಿಯೊಬ್ಬರಿಗೆ ಕಂಪನಿಯ ಹಳೆಯ ಪಟ್ಟಿಗಳನ್ನು ಒಯ್ದು ಕೊಟ್ಟೆ. ಅವರು ದೊಡ್ಡ ಪಟ್ಟಿಯನ್ನು ಸಿಮೆಂಟ್ ನೆಲದ ಮೇಲೆ ಮಗ್ಗುಲಾಗಿ ಮಲಗಿಸಿ ಸೀಮೆಸುಣ್ಣದಲ್ಲಿ ಅದರ ಬಾಗನ್ನು ಗೀಚಿದರು. ಅದರ ಹೊರಗೆ ಬೇಕಾದ ಬಾಗಿನ ಇನ್ನೊಂದು ಗೆರೆ ಎಳೆದರು. ಆಮೇಲೆ ಅಡಿಗಲ್ಲಿನ ಮೇಲಿಟ್ಟು ನಡುವಿನಿಂದ ತುದಿಯ ಕಡೆಗೆ ಬೆರಳಗಲಕ್ಕೊಂದರಂತೆ ಸುತ್ತಿಗೆಯ ಪೆಟ್ಟು, ನಾಲ್ಕಾರು ಪೆಟ್ಟಿಗೊಮ್ಮೆ ಪಟ್ಟಿಯನ್ನು ಗೆರೆಯ ಮೇಲಿಟ್ಟು ನೋಡುವುದು. ಕಾಯಿಸಿದರೆ ಬೇಗ ಆಗುವುದಿಲ್ಲವೇ ಎಂದೆ. "ಕುಲುಮೆಗೆ ಹಾಕಿದ್ರೆ ಹದ ಹೋಗ್ತದೆ ಸಾರ್. ಆಮೇಲೆ ಎಣ್ಣೆಗೆ ಹಾಕಿ ಮತ್ತೆ ಹದ ಕೂರಿಸ್ಬೇಕು. ತಣ್ಣಗಿದ್ದಾಗ್ಲೇ ಬಡಿಯೋಣ, ಹೊತ್ತಾಗ್ಲಿ ಬಿಡಿ" ಎಂದರು. ನಾಲ್ಕು ಪಟ್ಟಿಗೂ ಸೇರಿ ಅವರು ತೆಗೆದುಕೊಂಡದ್ದು 2,800 ರೂಪಾಯಿ. ಬಡಿದು ಬಾಗಿಸಿದ ಪಟ್ಟಿ ವರ್ಷಗಳಲ್ಲಿ ಮತ್ತೆ ಸ್ವಲ್ಪ ಕೂರುತ್ತದೆ ಎಂಬುದನ್ನೂ ಅವರೇ ಮೊದಲು ಹೇಳಿದರು.

ಜೂನ್ ಎರಡನೆಯ ವಾರ

ಕಂಪನಿಯ ಗಿಡ್ಡ ಶ್ಯಾಕಲ್‌ಗಳೇ ಮರಳಿ ಬಂದವು. ಎತ್ತರ ಈಗ ಮುಂದೆ 40 ಮಿ.ಮೀ., ಹಿಂದೆಯೂ ಹೆಚ್ಚುಕಡಿಮೆ ಅಷ್ಟೇ. ಕ್ಯಾಸ್ಟರ್ 3 ಡಿಗ್ರಿ. ಬಂಪ್ ರಬ್ಬರು ಒತ್ತಿದಾಗ 15 ಮಿ.ಮೀ. ಕುಗ್ಗುತ್ತದೆಂದು ಹಿಡಿದು, ಮಡಚಿದಾಗ 268 ಮಿ.ಮೀ. ಇರುವ ಶಾಕ್‌ಗಳನ್ನು 16,400ಕ್ಕೆ ತರಿಸಿದೆ; ಚಕ್ರ ಪೂರ್ತಿ ಜೋತುಬಿದ್ದಾಗಲೂ ಅವಕ್ಕೆ 10 ಮಿ.ಮೀ. ಬಾಕಿ ಉಳಿಯುತ್ತದೆ. ಜೋತುಬಿದ್ದ ಸ್ಥಿತಿಯಲ್ಲಿ ಹಳೆಯ ಬ್ರೇಕ್ ಹೋಸ್ ತಂತಿಯಂತೆ ಬಿಗಿಯಾಗುವುದು ಕಂಡು ಅವನ್ನೂ 2,700ಕ್ಕೆ ಬದಲಿಸಿದೆ. ಸ್ಟೀರಿಂಗ್ ವೀಲ್ ಓರೆಯಾಗಿದ್ದದ್ದು ಸ್ಟೀರಿಂಗಿನ ಚಲನೆಯನ್ನು ಚಕ್ರದ ಕಡೆಗೆ ಒಯ್ಯುವ ಸರಳನ್ನು (ಡ್ರ್ಯಾಗ್ ಲಿಂಕ್) ಹೊಂದಿಸಿದಾಗ ಸರಿಹೋಯಿತು. ಶ್ಯಾಕಲ್ ಬೋಲ್ಟುಗಳನ್ನು ಈ ಸಲ ಜಾಕ್ ಇಳಿಸಿ, ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಬಿಗಿದೆ. ಗಾಡಿ ಎತ್ತಿದ್ದಾಗ ಬಿಗಿದರೆ ರಬ್ಬರು ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಒಟ್ಟು ಖರ್ಚು 49,400. ಕಿಟ್ಟಿಗಿಂತ 12,600 ಉಳಿಯಿತು, ಹನ್ನೊಂದು ಭಾನುವಾರ ಹೋಯಿತು. ಬಂಪರ್, ವಿಂಚ್ ಇರುವ ಗೆಳೆಯನೊಬ್ಬ ಕೇಳಿದಾಗ ಕಿಟ್ಟನ್ನೇ ಕೊಳ್ಳು ಎಂದೆ, ನನ್ನ 7 ಮಿ.ಮೀ. ಪಟ್ಟಿಗಳನ್ನು ಅವನಿಗೆ ಕೊಡುವ ಆಸೆ ಇದ್ದರೂ.

ಮೊನ್ನೆಯ ಮಳೆಯ ಮರುದಿನ ಹಳ್ಳ ದಾಟಿದೆ. ಎಲ್ಲಿ ಉಜ್ಜುತ್ತದೆಂದು ತಿಳಿಯಲು ಹೊಟ್ಟೆಯ ತಗಡಿಗೆ ಬಳಿದಿದ್ದ ಬಿಳಿ ಬಣ್ಣ ಮುಂದಿನ ಅಂಚಿನಲ್ಲಿ ಎರಡು ಬೆರಳಷ್ಟು ಮಾತ್ರ ಕೆರೆದಿದೆ. ಹಿಂದಿನ ಎಡಗಡೆಯ ಬುಷ್ ಕಿರುಗುಟ್ಟುತ್ತಿದೆ. ಮರುಜೋಡಣೆಯ ನಂತರ 500 ಕಿ.ಮೀ. ತುಂಬಲು ಇನ್ನು 140 ಬಾಕಿ. ಆಗ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯುವಾಗ ಅದನ್ನೂ ಬಿಚ್ಚಿ ನೋಡಬೇಕು.