ಗೊರಕೆ ಹೊಡೀತೀರಾ ಅಂತ ಯಾರೂ ಕೇಳಲಿಲ್ಲ

ನಿದ್ದೆ ಟೆಸ್ಟಿನ ರಿಪೋರ್ಟ್ ಬಂತು. ಗಂಟೆಗೆ 34. ಅಂದರೆ ನಿದ್ದೆಯಲ್ಲಿ ಪ್ರತಿ ಗಂಟೆಗೂ ಸರಾಸರಿ 34 ಸಲ ನನ್ನ ಉಸಿರು ನಿಂತಿದೆ, ಇಲ್ಲವೇ ತೀರಾ ಕಡಿಮೆಯಾಗಿದೆ, ಒಂದೊಂದು ಸಲವೂ ಕನಿಷ್ಠ 10 ಸೆಕೆಂಡ್. 5ರ ಒಳಗಿದ್ದರೆ ಸರಿ, 30 ದಾಟಿದರೆ ತೀವ್ರ. ಸ್ಲೀಪ್ ಆಪ್ನಿಯಾ ಅಂತ ಕೊನೆಗೂ ಬರೆದುಕೊಟ್ಟಿದ್ದಾರೆ. ಇನ್ನು ರಾತ್ರಿ ಉಸಿರಾಡಲು ಬೇಕಾದ ಸಿಪ್ಯಾಪ್ ಮೆಷಿನ್‌ಗೆ ಕಾಯಬೇಕು.

ಟೆಸ್ಟಿಗೆ ಡೇಟ್ ಸಿಗಲು ಕಾದೆ, ರಿಪೋರ್ಟಿಗೆ ಕಾದೆ, ಅದೆಲ್ಲ ತಡೆದುಕೊಳ್ಳಬಹುದು. ಅದಕ್ಕೂ ಮುಂಚೆ ಸುಸ್ತು ಸುಸ್ತು ಅಂತ ವರ್ಷಗಟ್ಟಲೆ ಅಲೆದಿದ್ದೇನಲ್ಲ, ಅದು ಹೊಟ್ಟೆ ಉರಿಸುತ್ತದೆ. ಥೈರಾಯ್ಡ್ ನೋಡಿದರು, ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ಕೊಟ್ಟರು, ಮುಟ್ಟು ನಿಲ್ಲುವ ವಯಸ್ಸು, ಹೀಗೇ ಇರುತ್ತೆ ಬಿಡಿ ಅಂದರು. ಬೆಳಗ್ಗೆ ಏಳುವಾಗಲೇ ತಲೆನೋವು. ಎರಡು ಥರದ ಮಾತ್ರೆ ತಗೊಂಡರೂ ಬಿಪಿ ಇಳಿಯುತ್ತಿರಲಿಲ್ಲ. ಗೊರಕೆ ಹೊಡೀತೀರಾ ಅಂತ ಒಬ್ಬರೂ ಕೇಳಲಿಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಈ ಕಾಯಿಲೆ ಬರೋದು ಜಾಸ್ತಿ, ಆದರೂ ಇದು ದಪ್ಪಗಿರೋ ಗಂಡಸರ ಕಾಯಿಲೆ ಅಂತಲೇ ಎಲ್ಲರ ತಲೆಯಲ್ಲಿ ಕೂತಿದೆ.

ನಾವಾಗಿ ಹೇಳುವುದೂ ಕಷ್ಟ. ಹೆಂಗಸು ಗೊರಕೆ ಹೊಡೆಯುತ್ತಾಳೆ ಅಂದರೆ ನಾಚಿಕೆ. ಮದುವೆಗೆ ಹೋದಾಗ ಛತ್ರದ ಹಾಲ್‌ನಲ್ಲಿ ಜಮಖಾನ ಹಾಸಿ ಎಲ್ಲರೂ ಸಾಲಾಗಿ ಮಲಗುತ್ತಾರಲ್ವಾ, ಆಗ ನಾನು ಹೂ ಕಟ್ಟುವ ನೆಪದಲ್ಲಿ ಗೋಡೆಗೊರಗಿ ಬೆಳಗಾಗುವ ತನಕ ಕೂತಿರುತ್ತಿದ್ದೆ. ಒಂದು ರಾತ್ರಿ ಮಗಳು ಮೊಬೈಲಿನಲ್ಲಿ ವಿಡಿಯೋ ಮಾಡಿದಳು. ಗೊರಕೆ ಏರುತ್ತಾ ಹೋಗಿ ಥಟ್ಟನೆ ನಿಲ್ಲುತ್ತದೆ. ಎದೆ ಏಳುತ್ತಿದೆ, ಹೊಟ್ಟೆ ಏಳುತ್ತಿದೆ, ಉಸಿರು ಮಾತ್ರ ಇಲ್ಲ. ಆಮೇಲೆ ಗಕ್ಕನೆ ಗಾಳಿ ಎಳೆದುಕೊಂಡು ಮತ್ತೆ ಶುರು. ಹಾಸನದ ಡಾಕ್ಟರು ಅದನ್ನು ಪೂರ್ತಿ ನೋಡಿದರು, ಕುತ್ತಿಗೆಗೆ ಟೇಪ್ ಸುತ್ತಿ ಅಳತೆ ತಗೊಂಡರು, ಈ ಟೆಸ್ಟ್ ಮಾಡಿಸಲು ಮಂಗಳೂರಿಗೆ ಬರೆದುಕೊಟ್ಟರು. ನಿಮ್ಮ ಅಮ್ಮನೋ ಅತ್ತೆಯೋ ಹೀಗೆ ಉಸಿರು ಕಟ್ಟಿ ಮಲಗುತ್ತಿದ್ದರೆ ದಯವಿಟ್ಟು ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸಿ.

ಟೆಸ್ಟಿನ ರಾತ್ರಿ ತಲೆಗೆ, ಗದ್ದಕ್ಕೆ, ಕಾಲಿಗೆ ಪೇಸ್ಟ್ ಹಚ್ಚಿ ವೈರ್ ಅಂಟಿಸಿದರು. ಎದೆಗೂ ಹೊಟ್ಟೆಗೂ ಬೆಲ್ಟು, ಮೂಗಿಗೆ ಸಣ್ಣ ಪೈಪು, ಬೆರಳಿಗೆ ಕ್ಲಿಪ್ಪು. ರಿಪೋರ್ಟ್ ಯಾಕೆ ತಡ ಅಂತ ಕೇಳಿದ್ದಕ್ಕೆ ಅಲ್ಲಿನ ಟೆಕ್ನಿಷಿಯನ್ ಹುಡುಗಿ ಸ್ಕ್ರೀನ್ ತೋರಿಸಿದಳು. ಇಡೀ ರಾತ್ರಿಯನ್ನು 30 ಸೆಕೆಂಡಿನ ತುಂಡು ಮಾಡಿ ಒಂದೊಂದನ್ನೂ ನೋಡಬೇಕಂತೆ, 8 ಗಂಟೆಗೆ 960 ತುಂಡು. ಕೇಳಿದ ಮೇಲೆ ಸಿಟ್ಟು ಇಳಿಯಿತು.

ಇನ್ಶೂರೆನ್ಸಿನವರ ಮೇಲಿನ ಸಿಟ್ಟು ಇಳಿದಿಲ್ಲ. ಸಿಪ್ಯಾಪ್ ಮಾಡುವುದಿಷ್ಟೇ, ಮಾಸ್ಕಿನಿಂದ ಗಾಳಿ ಒತ್ತಿ ಗಂಟಲು ಮುಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್ ಇದರ ಬಗ್ಗೆ ಬರೆದದ್ದು 1981ರಲ್ಲಿ, ಹೊಸ ಪ್ರಯೋಗವೇನಲ್ಲ. ಬಿಪಿ ಏರಿ ಆಸ್ಪತ್ರೆ ಸೇರಿದರೆ ದುಡ್ಡು ಕೊಡುತ್ತಾರಂತೆ, ರಾತ್ರಿ ಉಸಿರಾಡಲು ಬೇಕಾದ ಮೆಷಿನ್‌ಗೆ ಕೊಡುವುದಿಲ್ಲವಂತೆ. ಇದು ಅನ್ಯಾಯ. ದುಡ್ಡು ಹೊಂದಿಸುತ್ತಿದ್ದೇವೆ, ಅಲ್ಲಿಯ ತನಕ ಬಾಡಿಗೆಗೆ ಒಂದು ಕೇಳಿದ್ದೇವೆ.

ಸದ್ಯಕ್ಕೆ ಮಗ್ಗುಲಾಗಿ ಮಲಗುತ್ತಿದ್ದೇನೆ. ಅಂಗಾತ ಮಲಗಿದರೆ ನಾಲಗೆ ಹಿಂದಕ್ಕೆ ಬಿದ್ದು ದಾರಿ ಇನ್ನಷ್ಟು ಕಟ್ಟುತ್ತದೆ. ನಿದ್ದೆ ಮಾತ್ರೆ ತಗೋ ಅಂತ ಅಕ್ಕ ಹೇಳಿದಳು, ಬೇಡ ಅಂದೆ, ಕೆಲವು ಮಾತ್ರೆಗಳು ಗಂಟಲನ್ನು ಇನ್ನೂ ಸಡಿಲ ಮಾಡುತ್ತವೆ. ಹಗಲು ತೂಕಡಿಕೆ ಬರುತ್ತದೆ ಅಂತ ಸ್ಕೂಟಿ ಓಡಿಸುವುದನ್ನೂ ಬಿಟ್ಟಿದ್ದೇನೆ. ನಮ್ಮ ಸಕಲೇಶಪುರದ ಮೇಲೇ ಶಿರಾಡಿ ಘಾಟಿ ಇಳಿಯುವ ಲಾರಿಗಳು ಇಡೀ ರಾತ್ರಿ ಹೋಗುತ್ತಿರುತ್ತವೆ. ಆ ಡ್ರೈವರುಗಳಲ್ಲಿ ಎಷ್ಟು ಜನಕ್ಕೆ ಇದೇ ಕಾಯಿಲೆ ಇದೆಯೋ, ಅವರನ್ನಾದರೂ ಯಾರು ಕೇಳುತ್ತಾರೆ? ಲೈಸೆನ್ಸಿಗೆ ಕಣ್ಣು ನೋಡುವ ಹಾಗೆ ಗೊರಕೆಯನ್ನೂ ವಿಚಾರಿಸಬೇಕು ಅಂತ ನನಗನ್ನಿಸುತ್ತದೆ.

ಈಗಿರುವ ಚಿಂತೆ ಕರೆಂಟಿನದು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ನಮ್ಮ ಕಡೆ ಯಾವಾಗ ಬರುತ್ತದೋ ಹೇಳುವ ಹಾಗಿಲ್ಲ. ಮೆಷಿನ್‌ನಲ್ಲಿ ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಆಫ್ ಮಾಡಿದರೆ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ ಅಂತ ಆ ಟೆಕ್ನಿಷಿಯನ್ ಹುಡುಗಿ ಹೇಳಿದ್ದಾಳೆ. ಮಲೆನಾಡಿನಲ್ಲಿ ಸಿಪ್ಯಾಪ್ ಬಳಸುತ್ತಿರುವವರು ಇದ್ದರೆ ಯಾವ ಇನ್ವರ್ಟರ್, ಎಷ್ಟು ಹೊತ್ತು ಬರುತ್ತದೆ, ಸ್ವಲ್ಪ ಬರೆದು ತಿಳಿಸಿ.