.375 ಮ್ಯಾಗ್ನಮ್ ಕೋವಿ ಕೆಲಸ: ನಳಿಗೆ ನಿಜವಾಗಿ ಸವೆದಿದೆಯಾ?

ಅಜ್ಜನ ಕಾಲದಿಂದ ಪರವಾನಗಿ ಸಮೇತ ಶಿರಸಿಯ ಮನೆಯಲ್ಲಿರುವ .375 ಹಾಲಂಡ್ ಅಂಡ್ ಹಾಲಂಡ್ ಮ್ಯಾಗ್ನಮ್ (ಮದ್ದು ಜಾಸ್ತಿ ತುಂಬಿದ ತೋಟಾದ ಕೋವಿ) ಈಚೆಗೆ ಗುರಿ ಹಿಡಿಯುತ್ತಿಲ್ಲ. 100 ಮೀಟರಿನಲ್ಲಿ ಎರಡು ಇಂಚಿನೊಳಗೆ ಬೀಳುತ್ತಿದ್ದ ಗುಂಡುಗಳು ಈಗ ಅಂಗೈ ಅಗಲಕ್ಕೂ ಜಾಸ್ತಿ ಹರಡುತ್ತವೆ. ನೋಡಿದವರೆಲ್ಲ "ಮ್ಯಾಗ್ನಮ್ ಅಲ್ವಾ, ನಳಿಗೆ ಮುಗಿದಿದೆ" ಅಂದರು. ನನಗೆ ಒಪ್ಪಿಗೆಯಾಗಲಿಲ್ಲ.

ಮ್ಯಾಗ್ನಮ್ ನಳಿಗೆ ಬೇಗ ಸವೆಯುವುದು ನಿಜ. ಸವೆಸುವುದು ಗುಂಡಿನ ತಿಕ್ಕಾಟಕ್ಕಿಂತ ಮದ್ದಿನ ಬಿಸಿ. ತೋಟಾ ಕೂರುವ ಕೋಣೆಯ ಮುಂದೆ, ಗುಂಡನ್ನು ತಿರುಗಿಸುವ ಸುರುಳಿ ಗೀರು ಶುರುವಾಗುವ ಗಂಟಲಿಗೆ ಮೊದಲ ಪೆಟ್ಟು. ಅಲ್ಲಿ ನುಗ್ಗುವ ಅನಿಲ ಉಕ್ಕು ಕರಗುವುದಕ್ಕಿಂತ ಬಿಸಿ. ಕ್ಷಣದಲ್ಲಿ ಕಾದು ತಣಿಯುವ ಮೇಲ್ಪದರ ಗಡುಸಾಗಿ ಬಿರುಕು ಬಿಡುತ್ತದೆ, ಆಮೇಲೆ ಚೂರು ಚೂರೇ ಎದ್ದು ಹೋಗುತ್ತದೆ. ನಳಿಗೆ ತಣಿಯಲು ಬಿಡದೆ ಮೇಲಿಂದ ಮೇಲೆ ಹೊಡೆದರೆ ಇನ್ನೂ ಬೇಗ.

ತೂತು ಸಣ್ಣದು, ಮದ್ದು ಜಾಸ್ತಿ ಆದಷ್ಟೂ ಕಷ್ಟ. .308 ವಿಂಚೆಸ್ಟರ್ ಅನ್ನುವ ಸಾಧಾರಣ ತೋಟಾ ಸುಮಾರು 45 ಗ್ರೇನ್ (3 ಗ್ರಾಂ ಹತ್ತಿರ) ಮದ್ದು ಸುಡುತ್ತದೆ. .300 ವಿಂಚೆಸ್ಟರ್ ಮ್ಯಾಗ್ನಮ್ ಅದೇ ಅಗಲದ ನಳಿಗೆಯಲ್ಲಿ 70ರ ಆಸುಪಾಸು ಸುಡುತ್ತದೆ. ಮೊದಲನೆಯದು 5,000 ಗುಂಡು ತಾಳುವ ಕಡೆ ಎರಡನೆಯದು 1,500–2,000ಕ್ಕೇ ಸೋಲಬಹುದು. 1912ರಲ್ಲಿ ಬಂದ .375ಗೆ ಮದ್ದು ಅಷ್ಟೇ ಬೇಕು, ತೂತು ಮಾತ್ರ ದೊಡ್ಡದು. ಹಾಗಾಗಿ ಗಂಟಲಿಗೆ ಪೆಟ್ಟು ಕಡಿಮೆ. ಅದೂ ಅಲ್ಲದೆ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ನಿಂತಿತು, ತೋಟಾಕ್ಕೆ ಪರವಾನಗಿಯ ಮಿತಿ ಇದೆ. ಈ ಕೋವಿ ಸವೆಯುವಷ್ಟು ಹೊಡೆದವರು ಯಾರು?

ನಳಿಗೆಯೊಳಗೆ ಇಣುಕುವ ಬೋರ್‌ಸ್ಕೋಪ್ ಹಾಕಿ ನೋಡಿದೆ. ಗಂಟಲಿನಲ್ಲಿ ಕೂದಲೆಳೆಯಂಥ ಬಿರುಕುಗಳಿವೆ, ಗೀರುಗಳ ಅಂಚು ಇನ್ನೂ ಚೂಪಾಗಿದೆ. ಅದರ ಮುಂದೆ ತುಕ್ಕಿನ ಗುಳಿಗಳು. ಹಳೆಯ ತೋಟಾಗಳ ಪ್ರೈಮರ್‌ನಲ್ಲಿ (ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸುಟ್ಟು ಬಿಡುವ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಎಣ್ಣೆಗೆ ಅದು ಜಗ್ಗುವುದಿಲ್ಲ, ಬಿಸಿನೀರಲ್ಲೇ ತೊಳೆಯಬೇಕು. ಕಾರವಾರದ ಉಪ್ಪುಗಾಳಿಯಲ್ಲಿ ಕೋವಿ ಇಟ್ಟುಕೊಂಡವರಿಗಂತೂ ಇದು ಇನ್ನೂ ಮುಖ್ಯ.

ಗುಳಿಗಳಲ್ಲಿ ಗುಂಡಿನ ಹೊದಿಕೆಯ ತಾಮ್ರ ಕೂತಿತ್ತು. ಅಮೋನಿಯಾ ಇರುವ ದ್ರಾವಣ ಹಾಕಿ ಬಟ್ಟೆ ತೂರಿಸಿದರೆ ಕಡು ನೀಲಿಯಾಗಿ ಹೊರಬಂತು. ಬಟ್ಟೆ ತಳ್ಳುವ ತುದಿ ಹಿತ್ತಾಳೆಯದ್ದಾದರೆ ಅದೂ ಕರಗಿ ನೀಲಿ ಬಿಡುತ್ತದೆ. ಆಗ ಶುದ್ಧವಾದ ನಳಿಗೆಯೂ ಕೊಳಕು ಅನ್ನಿಸುತ್ತದೆ. ಅದಕ್ಕೆ ನಾನು ಪ್ಲಾಸ್ಟಿಕ್ ತುದಿ ಬಳಸುತ್ತೇನೆ. ನಳಿಗೆಯ ಬಾಯಿ ಸರಿಯಿದೆ. ಹತ್ತಿ ಸುತ್ತಿ ಆಡಿಸಿದರೆ ಒಂದು ಎಳೆಯೂ ಸಿಕ್ಕಲಿಲ್ಲ.

ತಾಮ್ರ ತೆಗೆದ ಮೇಲೆ ರೇಂಜ್‌ನಲ್ಲಿ ಹರಡುವಿಕೆ ಸ್ವಲ್ಪ ಇಳಿಯಿತು. ಆದರೆ ನಳಿಗೆ ಬಿಸಿಯಾಗುತ್ತಿದ್ದಂತೆ ಮೂರನೇ ಗುಂಡು ಬಲಕ್ಕೇ ಸರಿಯುತ್ತದೆ. ಸವೆದ ನಳಿಗೆ ಹೀಗೆ ಒಂದೇ ದಿಕ್ಕು ಹಿಡಿಯುವುದಿಲ್ಲ. ನನಗೆ ನಳಿಗೆ ಕೂರಿಸಿದ ಕೋವಿಯ ಮರದ ಮೇಲೆ ಅನುಮಾನ ಬಂತು.

ಹತ್ತು ರೂಪಾಯಿ ನೋಟನ್ನು ನಳಿಗೆ ಮತ್ತು ಮರದ ನಡುವೆ ತೂರಿಸಿ ಎಳೆದೆ. ಬೇಸಿಗೆಯಲ್ಲಿ ಸರಾಗವಾಗಿ ಬಂದಿತ್ತು. ಈಗ ಮುಂಭಾಗದ ಎಡಗಡೆ ಬಿಗಿಯಾಗಿ ಸಿಕ್ಕಿಕೊಂಡಿತು. ನಮ್ಮಲ್ಲಿ ಆಷಾಢಕ್ಕೆ ಬಾಗಿಲುಗಳೇ ಹಿಗ್ಗಿ ಮುಚ್ಚದೆ ಹೋಗುತ್ತವೆ, ವಾಲ್‌ನಟ್ ಮರವೂ ಹಾಗೇ. ಹಿಗ್ಗಿದ ಮರ ನಳಿಗೆಯನ್ನು ಬಲಕ್ಕೆ ಒತ್ತುತ್ತಿದೆ.

ಸ್ಕ್ರೂ ಬಿಚ್ಚಿ ಒಳಗೆ ನೋಡಿದರೆ ಇನ್ನೊಂದು ತೊಂದರೆ. ಹೊಡೆದಾಗಿನ ಒದೆತವನ್ನು ಮರಕ್ಕೆ ದಾಟಿಸುವ ಉಕ್ಕಿನ ಗಟ್ಟಿ, ಅಂದರೆ ಲಗ್, ಅದರ ಹಿಂದಿನ ಮರ ಎಣ್ಣೆ ಕುಡಿದು ಕಪ್ಪಾಗಿ ಮೆತ್ತಗಾಗಿದೆ. ಉಗುರು ಒತ್ತಿದರೆ ಗುರುತು ಉಳಿಯುತ್ತದೆ. ಎಣ್ಣೆ ಹಾಕಿದ ಕೋವಿಯನ್ನು ಬಾಯಿ ಮೇಲೆ ಮಾಡಿ ನಿಲ್ಲಿಸಿದರೆ ಎಣ್ಣೆ ಇಳಿದು ಮರ ಸೇರುತ್ತದೆ. .375ನ ಒದೆತಕ್ಕೆ ಆ ಮರ ನಿಲ್ಲುವುದಿಲ್ಲ.

ಸದ್ಯ ಸೀಮೆಸುಣ್ಣದ ಪುಡಿ ಮೆತ್ತಿ ಎಣ್ಣೆ ಹೀರಿಸುತ್ತಿದ್ದೇನೆ. ಪುಡಿ ದಿನವೂ ಹಳದಿಯಾಗುತ್ತಿದೆ. ಅದು ನಿಂತ ಮೇಲೆ ಪರವಾನಗಿ ಇರುವ ಕೋವಿ ರಿಪೇರಿಯವರ ಹತ್ತಿರ ಲಗ್ ಹಿಂದೆ ಎಪಾಕ್ಸಿ ಅಂಟು ತುಂಬಿಸಿ, ಎಡಗಡೆ ಮರ ಕೆರೆಸಿ, ಒಳಭಾಗಕ್ಕೆಲ್ಲ ವಾರ್ನಿಶ್ ಹೊಡೆಸಬೇಕು. ನಳಿಗೆ ಬದಲಿಸುವ ಮಾತು ಅಲ್ಲಿಯವರೆಗೆ ಬೇಡ.